ಬಾಲವಿಲ್ಲದ ಇಲಿ: ಪಠ್ಯ ತಿದ್ದುವವರಿಗೆ ನಿಸ್ತಂತು ಮೌಸಿನ ಆಯ್ಕೆ

ಗ್ರಂಥಸಂಪಾದನೆಯ ಪಾಠದಲ್ಲಿ ಲಿಪಿಕಾರರ ಸ್ಖಾಲಿತ್ಯಗಳನ್ನು ನಾವು ಬಗೆಬಗೆಯಾಗಿ ವಿಂಗಡಿಸಿ ನೋಡುತ್ತೇವೆ. ಕಣ್ಣು ಒಂದು ಸಾಲಿನಿಂದ ಮುಂದಿನ ಸಾಲಿಗೆ ಜಾರಿದಾಗ ನಡುವಣ ಪಾದವೊಂದು ಬಿಟ್ಟುಹೋಗುತ್ತದೆ. ಬರೆದದ್ದನ್ನೇ ಮತ್ತೆ ಬರೆದಾಗ ಪದವೊಂದು ಎರಡು ಬಾರಿ ನಿಲ್ಲುತ್ತದೆ. ಓಲೆಗಳು ಹಿಂದುಮುಂದಾದಾಗ ಒಂದು ಸಂಧಿಯ ಪದ್ಯ ಇನ್ನೊಂದು ಸಂಧಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇವನ್ನೆಲ್ಲ ಪತ್ತೆಹಚ್ಚುವಾಗ ಸಂಪಾದಕನು ಲಿಪಿಕಾರನ ಮನಸ್ಸನ್ನು ಮಾತ್ರವಲ್ಲ, ಅವನ ಕೈಯಲ್ಲಿದ್ದ ಉಕ್ಕಿನ ಕಂಟವನ್ನೂ ಮುಂದಿದ್ದ ಓಲೆಗರಿಯನ್ನೂ ನೆನೆಯಬೇಕಾಗುತ್ತದೆ. ಉಪಕರಣಕ್ಕೂ ಪಾಠದೋಷಕ್ಕೂ ಅಷ್ಟು ಹತ್ತಿರದ ನಂಟು.

ಇಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನೀವೇ ಲಿಪಿಕಾರರು. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿಕೊಂಡ ಹಾಡು, ಕಥೆ, ಮಾತುಗಳನ್ನು ಲ್ಯಾಪ್‌ಟಾಪಿನಲ್ಲಿ ಲಿಪ್ಯಂತರಿಸುವವರೂ ನೀವೇ, ತಿದ್ದುವವರೂ ನೀವೇ. ಕಂಟದ ಜಾಗದಲ್ಲಿ ಕೀಲಿಮಣೆ ಬಂದಿದೆ, ಅದರ ಪಕ್ಕದಲ್ಲಿ ಮೌಸ್ ಬಂದಿದೆ. ಕೀಲಿಮಣೆಯ ವಿನ್ಯಾಸ, ಅಕ್ಷರಶೈಲಿ, ಯೂನಿಕೋಡ್ ಸಂಕೇತಗಳನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಮೌಸಿನ ವಿಷಯವನ್ನು ಮಾತ್ರ ಅಂಗಡಿಯವನ ಮಾತಿಗೆ ಬಿಟ್ಟುಬಿಟ್ಟಿದ್ದೇವೆ. ಬಣ್ಣ, ಬೆಲೆ, ದೀಪ ಇವಿಷ್ಟನ್ನು ನೋಡಿ ಕೊಂಡ ಮೌಸ್ ಕೆಲವು ತಿಂಗಳಲ್ಲಿ ಕೆಡುತ್ತದೆ. ಅದು ಪೂರ್ತಿ ಕೆಟ್ಟು ನಿಂತರೆ ನಷ್ಟ ಹಣದ್ದು ಮಾತ್ರ. ಅರೆಬರೆ ಕೆಟ್ಟು ಕೆಲಸ ಮುಂದುವರಿಸಿದರೆ ನಷ್ಟ ಪಠ್ಯದ್ದು. ಈ ಲೇಖನಕ್ಕೆ ಕಾರಣವಾದುದು ಎರಡನೆಯ ಬಗೆಯ ನಷ್ಟ.

ಇದನ್ನು ಒಂದು ಊರಿನ ಸಂದರ್ಭದಲ್ಲಿಟ್ಟು ನೋಡುವುದು ಒಳ್ಳೆಯದು. ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ ಜೀರಹಳ್ಳಿ ಇದೆ. ಪತ್ರಿಕೆಗಳಲ್ಲಿ ಈ ಹೆಸರು ಹೆಚ್ಚಾಗಿ ಬರುವುದು ಸತ್ಯಮಂಗಲ ಹುಲಿ ಮೀಸಲು ಪ್ರದೇಶದ ಒಂದು ಅರಣ್ಯ ವಲಯವಾಗಿ, ಆನೆಗಳು ಹೊಲಕ್ಕಿಳಿದ ಸುದ್ದಿಯ ಜೊತೆಯಲ್ಲಿ. 1956ರವರೆಗೆ ಕೊಳ್ಳೇಗಾಲವೂ ತಾಳವಾಡಿಯೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು, ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆಯಾದಾಗ ಅದರೊಳಗೆ ಸೇರಿತು. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ನೂರು ಕಿಲೋಮೀಟರಿಗೂ ಹೆಚ್ಚು ಸಾಗಬೇಕು. ಚಾಮರಾಜನಗರ ಅದಕ್ಕಿಂತ ಬಹಳ ಸಮೀಪ. ಕಡತದ ಭಾಷೆ ತಮಿಳು, ಮನೆಯ ಮಾತು ಬಹುಮಟ್ಟಿಗೆ ಕನ್ನಡ. ಕಾಡಂಚಿನಲ್ಲಿ ಸೋಲಿಗರೂ ಊರಾಳಿಗರೂ ಇದ್ದಾರೆ. ಗುಮಟಾಪುರದ ಗೊರೆಹಬ್ಬ, ಬೆಳೆ ಕಾಯುವ ರೈತರ ಆನೆಯ ಕಥೆಗಳು, ಕಂಸಾಳೆಯವರ ಹಾಡು, ಹೀಗೆ ಒಬ್ಬ ವಿದ್ಯಾರ್ಥಿಗೆ ಕಿರುಪ್ರಬಂಧದ ವಸ್ತುವಿಗೇನೂ ಅಲ್ಲಿ ಕೊರತೆಯಿಲ್ಲ.

ಅಂಥ ಊರಿನ ವಿದ್ಯಾರ್ಥಿ ತನ್ನ ಹಿರಿಯರ ಮಾತನ್ನು ಬರೆದುಕೊಳ್ಳುತ್ತಾನೆ ಎನ್ನೋಣ. ಚಾಮರಾಜನಗರ ಸೀಮೆಯ ಗ್ರಾಮೀಣ ಕನ್ನಡದಲ್ಲಿ ಪದಾದಿಯ ಹಕಾರ ಲೋಪವಾಗುವುದನ್ನು ನೀವು ಬಲ್ಲಿರಿ. ಹಾಲು ‘ಆಲು’ ಆಗುತ್ತದೆ, ಮನೆಯೆಂಬ ಅರ್ಥದ ಹಟ್ಟಿ ‘ಅಟ್ಟಿ’ ಆಗುತ್ತದೆ, ಬರುತ್ತೇನೆ ಎಂಬುದು ‘ಬತ್ತೀನಿ’ ಆಗುತ್ತದೆ. ಕಾಗುಣಿತ ಪರೀಕ್ಷಿಸುವ ತಂತ್ರಾಂಶಕ್ಕೆ ಇಂಥ ಪದಗಳು ಬಹುಪಾಲು ತಪ್ಪುಗಳೇ, ಪುಟವೆಲ್ಲ ಕೆಂಪುಗೆರೆ. ಪುಟವೇ ಕೆಂಪಾದಾಗ ನಿಜವಾದ ತಪ್ಪಿನ ಕೆಳಗಿನ ಗೆರೆಯೂ ಕಣ್ಣಿಗೆ ಹತ್ತುವುದಿಲ್ಲ. ಆದುದರಿಂದ ಉಪಭಾಷೆಯ ಪಠ್ಯವನ್ನು ಕಣ್ಣು ಮತ್ತು ಕೈಗಳಿಂದಲೇ ತಿದ್ದಬೇಕು. ಆ ಕೈಯಲ್ಲಿರುವ ಉಪಕರಣ ತಾನೇ ತಪ್ಪುಗಳನ್ನು ಸೇರಿಸುತ್ತಿದ್ದರೆ ಅವನ್ನು ಹಿಡಿಯಲು ಎರಡನೆಯ ಕಾವಲಿಲ್ಲ. ಶಿಷ್ಟ ಕನ್ನಡದ ಲೇಖನದಲ್ಲಿ ವಾಕ್ಯವೊಂದು ಸ್ಥಳಾಂತರವಾದರೆ ಓದುಗನಿಗೆ ಅನುಮಾನ ಬರಬಹುದು. ಒಬ್ಬ ಅಜ್ಜಿಯ ಮಾತಿನ ಲಿಪ್ಯಂತರದಲ್ಲಿ ಹಾಗಾದರೆ ಅಜ್ಜಿ ಹಾಗೆಯೇ ಹೇಳಿದಳೆಂದು ಮುಂದಿನವರು ನಂಬುತ್ತಾರೆ.

ಮೌಸ್ ಹುಟ್ಟಿದ್ದರ ಹಿನ್ನೆಲೆಯಲ್ಲಿಯೂ ಪಠ್ಯ ತಿದ್ದುವ ಕೆಲಸವೇ ಇತ್ತೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುತೂಹಲದ ಸಂಗತಿ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಅವರು 1964ರಲ್ಲಿ ಮೊದಲ ಮಾದರಿಯನ್ನು ಮರದ ಕವಚದಲ್ಲಿ ಕಟ್ಟಿದರು. ಪರದೆಯ ಮೇಲಿನ ಪಠ್ಯದಲ್ಲಿ ಬೇಕಾದ ಅಕ್ಷರವನ್ನೋ ಪದವನ್ನೋ ಆರಿಸಲು ಯಾವ ಸಾಧನ ಮೇಲೆಂದು ಅವರ ತಂಡ ಪರೀಕ್ಷಿಸಿ ನೋಡಿತು. 1967ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಬೆಳಕಿನ ಲೇಖನಿ, ಜಾಯ್‌ಸ್ಟಿಕ್, ಮೊಣಕಾಲಿನಿಂದ ನಡೆಸುವ ಒಂದು ಸಾಧನ ಇವೆಲ್ಲ ಮೌಸಿನ ಸ್ಪರ್ಧಿಗಳು. ಪಳಗಿದ ಕೈಗಳಲ್ಲಿ ಮೌಸ್ ಬೇಗವೂ ಕಡಿಮೆ ತಪ್ಪಿನದೂ ಆಗಿ ನಿಂತಿತು. ತಪ್ಪು ಕಡಿಮೆಯೆಂಬ ಗುಣಕ್ಕಾಗಿ ಗೆದ್ದ ಉಪಕರಣವನ್ನು ನಾವು ಆ ಗುಣವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿ ಕೊಳ್ಳುತ್ತಿದ್ದೇವೆ.

ಹೆಸರಿನ ಬಗೆಗೆ ಒಂದು ಮಾತು. ತಂತಿ ಬಾಲದಂತೆ ಕಂಡುದರಿಂದ ಅದು ಇಲಿಯಾಯಿತು. ತಂತಿ ಹೋದ ಮೇಲೂ ಹೆಸರು ಉಳಿದಿದೆ. ರೂಪಕವು ತನ್ನ ಆಧಾರವನ್ನು ಕಳೆದುಕೊಂಡ ಮೇಲೂ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ತರಗತಿಗೆ ಸಿಗಲಾರದು. ಇಂಗ್ಲಿಷಿನ ಮೌಸ್ ಮತ್ತು ಸಂಸ್ಕೃತದ ಮೂಷಕ ಒಂದೇ ಮೂಲದವು. ಮೂಷಕವನ್ನು ಕದಿಯುವುದೆಂಬ ಅರ್ಥದ ಧಾತುವಿಗೆ ಜೋಡಿಸಿ ಹೇಳುವ ವಾಡಿಕೆಯೂ ಉಂಟು. ಕನ್ನಡವು ಮೌಸ್ ಎಂಬುದನ್ನೇ ಇಟ್ಟುಕೊಂಡು ಮೌಸು, ಮೌಸನ್ನು, ಮೌಸಿನಿಂದ ಎಂದು ತನ್ನ ವಿಭಕ್ತಿಗಳನ್ನು ಹಚ್ಚಿಕೊಂಡಿದೆ. ವೈರ್‌ಲೆಸ್ ಎಂಬುದಕ್ಕೆ ನಿಸ್ತಂತು ಎಂಬ ಮಾತು ಮೊದಲಿನಿಂದಲೂ ಇದ್ದೇ ಇದೆ. ಅಂಗಡಿಯಲ್ಲಿ ಹಾಗೆಂದು ಕೇಳಬೇಕಾಗಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮೌಸಿನಲ್ಲಿ ಮೊದಲು ಸವೆಯುವ ಅಂಗಗಳಲ್ಲಿ ಎಡಗುಂಡಿಯ ಕೆಳಗಿರುವ ಸಣ್ಣ ಸ್ವಿಚ್ ಮುಖ್ಯವಾದುದು. ಅದರೊಳಗೆ ಲೋಹದ ಒಂದು ತೆಳು ಪಟ್ಟಿ ಇರುತ್ತದೆ. ಒತ್ತಿದಾಗ ಅದು ಚಿಮ್ಮಿ ಇನ್ನೊಂದು ಲೋಹದ ತುದಿಯನ್ನು ಮುಟ್ಟುತ್ತದೆ. ಮುಟ್ಟುವ ಕ್ಷಣದಲ್ಲಿ ಅದು ಕೆಲವು ಸಲ ಪುಟಿಯುವುದು ಸಹಜ. ಮೌಸಿನೊಳಗಣ ಚಿಪ್ಪು ಕೆಲವು ಮಿಲಿಸೆಕೆಂಡು ತಡೆದು ಆ ಪುಟಿತವನ್ನು ಒಂದೇ ಒತ್ತೆಂದು ಲೆಕ್ಕ ಹಾಕುತ್ತದೆ. ಪಟ್ಟಿ ಸೋತಾಗ, ಧೂಳು ಸೇರಿದಾಗ, ತೇವಕ್ಕೆ ಲೋಹದ ಮೇಲೆ ಪೊರೆ ಕಟ್ಟಿದಾಗ ಸಂಪರ್ಕವು ನಡುನಡುವೆ ಕಡಿಯತೊಡಗುತ್ತದೆ. ಆಗ ಒಂದು ಒತ್ತು ಎರಡಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಒತ್ತಿ ಹಿಡಿದಿರುವಾಗಲೇ ಬಿಟ್ಟಂತಾಗುತ್ತದೆ.

ಇದರಿಂದ ಪಠ್ಯದಲ್ಲಿ ಏನಾಗುತ್ತದೆ? ನೀವು ಒಂದು ವಾಕ್ಯವನ್ನು ಆರಿಸಲು ಗುಂಡಿ ಒತ್ತಿ ಎಳೆಯುತ್ತಿದ್ದೀರಿ. ನಡುವೆ ಸಂಪರ್ಕ ಕಡಿದು ಕಣ್ಣೆವೆಯಿಕ್ಕುವಷ್ಟರಲ್ಲಿ ಮತ್ತೆ ಕೂಡಿತು. ಗಣಕದ ದೃಷ್ಟಿಯಲ್ಲಿ ನೀವು ಅರ್ಧ ವಾಕ್ಯವನ್ನು ಆರಿಸಿ, ಬಿಟ್ಟು, ಆರಿಸಿದ ಭಾಗವನ್ನೇ ಮತ್ತೆ ಹಿಡಿದು ಎಳೆಯುತ್ತಿದ್ದೀರಿ. ಕೈ ನಿಂತ ಕಡೆಯಲ್ಲಿ ಆ ಅರ್ಧ ವಾಕ್ಯ ಹೋಗಿ ಕೂರುತ್ತದೆ. ಓಲೆ ಹಿಂದುಮುಂದಾದ ಸ್ಥಾನಪಲ್ಲಟಕ್ಕೂ ಇದಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲ. ಅಂಟಿಸುವ ಗುಂಡಿಯ ಮೇಲೆ ಒಂದು ಒತ್ತು ಎರಡಾದರೆ ಪುನರಾವೃತ್ತಿ. ಪದವೊಂದರ ಒಳಗೆ ಕರ್ಸರ್ ಇಡಲು ಒಮ್ಮೆ ಒತ್ತಿದ್ದು ಎರಡಾಗಿ ಪೂರ್ತಿ ಪದವೇ ಆಯ್ಕೆಗೊಂಡು, ಅದರ ಮೇಲೆ ನೀವು ಒಂದು ಅಕ್ಷರ ಬೆರಳಚ್ಚಿಸಿದರೆ ಲೋಪ. ಆ ಕ್ಷಣದಲ್ಲಿಯೇ ಗಮನಿಸಿದರೆ ಹಿಂದಕ್ಕೆ ಮರಳಿಸಬಹುದು. ರಾತ್ರಿ ಹನ್ನೊಂದಕ್ಕೆ ನಲವತ್ತನೆಯ ಪುಟದಲ್ಲಿ ಯಾರು ಗಮನಿಸುತ್ತಾರೆ?

ಆದುದರಿಂದ ಆಯ್ಕೆಯ ಮೊದಲ ಪ್ರಶ್ನೆ ಗುಂಡಿಯದು. ಒಳ್ಳೆಯ ತಯಾರಕರು ಸ್ವಿಚ್ ಎಷ್ಟು ಒತ್ತುಗಳಿಗೆ ತಾಳುತ್ತದೆಂದು ಹೇಳುತ್ತಾರೆ. 1 ಕೋಟಿ ಎಂಬುದು ಅಂಥ ಒಂದು ಸಂಖ್ಯೆ. ದಿನಕ್ಕೆ 5,000 ಒತ್ತುಗಳೆಂದು ಹಿಡಿದರೆ 2,000 ದಿನ, ಅಂದರೆ ಸುಮಾರು ಐದೂವರೆ ವರ್ಷ. ಇದು ಪ್ರಯೋಗಶಾಲೆಯ ಲೆಕ್ಕ. ಧೂಳಿನ ಮೇಜಿನ ಮೇಲೆ, ಬೆಟ್ಟದ ಮಳೆಗಾಲದಲ್ಲಿ ಅಷ್ಟು ನಿರೀಕ್ಷಿಸಬಾರದು. ಆದರೂ ಯಾವ ಸಂಖ್ಯೆಯನ್ನೂ ಹೇಳದ ಮೌಸಿಗಿಂತ ಹೇಳುವ ಮೌಸ್ ಮೇಲು. ಗುಂಡಿಯ ಸದ್ದು ಕೇಳಿಸದ ಮಾದರಿಗಳು ಈಗ ಬಂದಿವೆ. ಗ್ರಂಥಾಲಯದಲ್ಲಿ ಅವು ಮರ್ಯಾದೆಯವು, ಬಾಳಿಕೆಯ ವಿಷಯಕ್ಕೆ ಸದ್ದಿಗೆ ಸಂಬಂಧವಿಲ್ಲ.

ಅಂಗಡಿಯಲ್ಲಿ ನೀವೇ ಪರೀಕ್ಷಿಸಬಹುದು. ಪ್ರದರ್ಶನದ ಗಣಕದಲ್ಲಿ ಯಾವುದಾದರೂ ಬರೆಹವನ್ನು ತೆರೆಯಿಸಿ, ಒಂದು ದೀರ್ಘ ಪ್ಯಾರಾವನ್ನು ನಿಧಾನವಾಗಿ, ಗುಂಡಿಯ ಮೇಲೆ ಬೆರಳನ್ನು ಸ್ವಲ್ಪ ಸಡಿಲವಾಗಿಟ್ಟುಕೊಂಡು, ಇಪ್ಪತ್ತು ಸಲ ಎಳೆದು ಆರಿಸಿ ನೋಡಿ. ಒಂದು ಸಲವಾದರೂ ಆಯ್ಕೆ ನಡುವೆ ಕಡಿದರೆ ಆ ಮೌಸ್ ಬೇಡ. ಬಳಿಕ ಪದವೊಂದರ ಮೇಲೆ ಒಂದೊಂದೇ ಸಲ ಒತ್ತುತ್ತ ಹೋಗಿ. ಪದ ಇಡಿಯಾಗಿ ಬಣ್ಣಗೊಂಡರೆ ಒಂದು ಎರಡಾಗುತ್ತಿದೆ ಎಂದರ್ಥ. ನಡುವಣ ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸಿ. ಪುಟ ಕೆಳಗಿಳಿಯುತ್ತಿರುವಾಗ ತಟಕ್ಕನೆ ಮೇಲಕ್ಕೆ ನೆಗೆದರೆ ಅದೂ ಕೂಡದು. ಐದು ನಿಮಿಷದ ಕೆಲಸ. ಅಂಗಡಿಯವನು ಬೇಸರಗೊಂಡರೆ ಬೇಸರಗೊಳ್ಳಲಿ. ಜೀರಹಳ್ಳಿಯಿಂದ ಬದಲಾಯಿಸಿಕೊಳ್ಳಲು ಮತ್ತೆ ಬರುವ ಬಸ್ಸಿನ ಖರ್ಚು ಅವನದಲ್ಲ. ಅಂಚೆಯ ಮೂಲಕ ತರಿಸಿಕೊಂಡವರು ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಇದೇ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಕು.

ಎರಡನೆಯದು ಗುರಿಯ ನಿಖರತೆ. ಇಲ್ಲಿ ಕನ್ನಡ ಲಿಪಿಯ ಸ್ವಭಾವವನ್ನು ನೆನೆಯಬೇಕು. ಯೂನಿಕೋಡಿನಲ್ಲಿ ‘ರಾಷ್ಟ್ರ’ ಎಂಬುದು ಏಳು ಸಂಕೇತಗಳ ಸಾಲು, ಕಣ್ಣಿಗೆ ಎರಡೇ ಅಕ್ಷರ. ‘ಸ್ತ್ರೀ’ ಆರು ಸಂಕೇತ, ಒಂದೇ ಅಕ್ಷರ. ‘ಸೂರ್ಯ’ದಲ್ಲಿ ರೇಫವು ಸಂಕೇತಗಳ ಸಾಲಿನಲ್ಲಿ ಯಕಾರಕ್ಕೆ ಮೊದಲು ಇರುತ್ತದೆ, ಪರದೆಯ ಮೇಲೆ ಅರ್ಕಾವೊತ್ತಾಗಿ ಅದರ ಬಲಕ್ಕೆ ನಿಲ್ಲುತ್ತದೆ. ಮೌಸ್ ಒತ್ತಿದಾಗ ಕರ್ಸರ್ ಸಾಮಾನ್ಯವಾಗಿ ಅಕ್ಷರಗಳ ನಡುವೆ ನಿಲ್ಲುತ್ತದೆಯೇ ಹೊರತು ಅಕ್ಷರದ ಒಳಗೆ ಇಳಿಯುವುದಿಲ್ಲ. ಒಳಗಿನದನ್ನು ತಿದ್ದಬೇಕಾದರೆ ಅಕ್ಷರದ ಬಲಗಡೆಗೆ ಕರ್ಸರ್ ತಂದು ಹಿಂದಕ್ಕಳಿಸುವ ಕೀಲಿಯನ್ನು ಒತ್ತಬೇಕು. ಅದು ಒಂದೊಂದೇ ಸಂಕೇತವನ್ನು ಅಳಿಸುತ್ತದೆ. ಎಡಗಡೆ ನಿಂತು ಡಿಲೀಟ್ ಒತ್ತಿದರೆ ಹಲವು ತಂತ್ರಾಂಶಗಳಲ್ಲಿ ಇಡೀ ಅಕ್ಷರವೇ ಹೋಗುತ್ತದೆ. ‘ಬತ್ತೀನಿ’ ಮತ್ತು ‘ಬರ್ತೀನಿ’ಗಳ ನಡುವಣ ವ್ಯತ್ಯಾಸವೇ ನಿಮ್ಮ ಪ್ರಬಂಧದ ವಾದವಾಗಿರುವಾಗ, ಕರ್ಸರ್ ಒಂದು ಅಕ್ಷರದ ಈಚೆ ನಿಂತಿತೋ ಆಚೆ ನಿಂತಿತೋ ಎಂಬುದು ಸಣ್ಣ ಮಾತಲ್ಲ.

ಮೌಸಿನ ಹೊಟ್ಟೆಯಲ್ಲಿರುವ ಪುಟ್ಟ ಕ್ಯಾಮೆರಾ ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಚಿತ್ರಿಸಿ, ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ಜರುಗನ್ನು ಅಳೆಯುತ್ತದೆ. ಗಾಜಿನಲ್ಲಿ, ಹೊಳಪಿನ ನೆಲದಲ್ಲಿ ಚಿತ್ರಿಸಲು ಗುರುತುಗಳೇ ಇಲ್ಲದ್ದರಿಂದ ಕರ್ಸರ್ ನಡುಗುತ್ತದೆ. ಹಳೆಯ ನೋಟುಪುಸ್ತಕದ ರಟ್ಟು ಇದಕ್ಕೆ ಸಾಕಾದ ಪರಿಹಾರ. ಡಿ.ಪಿ.ಐ. ಎಂಬ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುತ್ತಾರೆ. ಕೈ ಒಂದು ಅಂಗುಲ ಸರಿದರೆ ಎಷ್ಟು ಬಿಂದುಗಳಷ್ಟು ಚಲನೆ ದಾಖಲಾಗುತ್ತದೆ ಎಂಬುದಷ್ಟೇ ಅದು. ಪಠ್ಯದ ಕೆಲಸಕ್ಕೆ 800ರಿಂದ 1,600 ಸಾಕು. ಅದಕ್ಕಿಂತ ಹೆಚ್ಚಿನದು ಆಟವಾಡುವವರಿಗೆ ಬೇಕಾದೀತು. ಒತ್ತಕ್ಷರದ ಪಕ್ಕ ಕರ್ಸರ್ ಇಡುವವನಿಗೆ ಉಪದ್ರವವೇ.

ತಂತಿಯ ಮೌಸೇ ನೆಟ್ಟಗಲ್ಲವೇ ಎಂದು ಕೇಳುವವರಿದ್ದಾರೆ. ಮೇಜು ಬಿಟ್ಟು ಕದಲದವರಿಗೆ ಹೌದು. ಬ್ಯಾಟರಿಯ ಚಿಂತೆಯಿಲ್ಲ, ಬೆಲೆಯೂ ಕಡಿಮೆ. ಚೀಲದಲ್ಲಿಟ್ಟುಕೊಂಡು ಊರಿಗೂ ಕಾಲೇಜಿಗೂ ಓಡಾಡುವವರ ತಂತಿ ಮೌಸಿನ ಕತ್ತಿನ ಬಳಿ ಮುರಿಯುತ್ತದೆ. ಅಂಥವರಿಗೆ ನಿಸ್ತಂತು ಒಳ್ಳೆಯದು. ಅದರಲ್ಲಿ ಎರಡು ಬಗೆ. ಉಗುರಿನಷ್ಟು ಚಿಕ್ಕ ಡಾಂಗಲನ್ನು ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವುದು ಒಂದು, ಬ್ಲೂಟೂತಿನಿಂದ ನೇರವಾಗಿ ಕೂಡುವುದು ಇನ್ನೊಂದು. ಕಾಲೇಜಿನ ಪ್ರಯೋಗಾಲಯದ ಹಳೆಯ ಗಣಕಗಳಲ್ಲಿ ಬ್ಲೂಟೂತ್ ಇಲ್ಲದಿರಬಹುದಾದ್ದರಿಂದ ಡಾಂಗಲಿನದು ನಮಗೆ ಹೊಂದುತ್ತದೆ. ಎರಡೂ ಇರುವ ಮಾದರಿ ಕೈಗೆಟುಕಿದರೆ ಇನ್ನೂ ಒಳ್ಳೆಯದು. ಅಗ್ಗದ ಮೌಸುಗಳಲ್ಲಿ ಡಾಂಗಲ್ ಕಳೆದರೆ ಮೌಸೇ ಹೋದಂತೆ, ಬೇರೆ ಡಾಂಗಲಿಗೆ ಅದು ಒಗ್ಗುವುದಿಲ್ಲ. ಲಾಜಿಟೆಕ್ ಸಂಸ್ಥೆಯ ಯೂನಿಫೈಯಿಂಗ್, ಬೋಲ್ಟ್ ಎಂಬ ಪದ್ಧತಿಗಳಲ್ಲಿ ಹೊಸ ಡಾಂಗಲ್ ಕೊಂಡು ಮತ್ತೆ ಕೂಡಿಸಬಹುದು.

ಎರಡೂ ಬಗೆಗಳು ನಡೆಯುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ. ವೈ-ಫೈ ಇರುವುದೂ ಅಲ್ಲಿಯೇ. ಆ ದಟ್ಟಣೆಯನ್ನು ಮೌಸುಗಳು ಹೇಗೋ ನಿಭಾಯಿಸಿಕೊಳ್ಳುತ್ತವೆ. ನಿಭಾಯಿಸಲಾಗದ್ದು ಬೇರೊಂದಿದೆ. ಯು.ಎಸ್.ಬಿ. 3 ವೇಗದ ಕಿಂಡಿಗಳು ಮತ್ತು ಹಾರ್ಡ್‌ಡಿಸ್ಕುಗಳು ಕೆಲಸ ಮಾಡುವಾಗ ಇದೇ ಪಟ್ಟಿಯಲ್ಲಿ ಗದ್ದಲ ಹೊಮ್ಮಿಸುತ್ತವೆ. ಕ್ಷೇತ್ರಕಾರ್ಯದ ಧ್ವನಿಮುದ್ರಿಕೆಗಳಿರುವ ಹಾರ್ಡ್‌ಡಿಸ್ಕನ್ನು ಒಂದು ಕಿಂಡಿಗೂ ಡಾಂಗಲನ್ನು ಅದರ ಪಕ್ಕದ ಕಿಂಡಿಗೂ ಸಿಕ್ಕಿಸಿ ಲಿಪ್ಯಂತರಕ್ಕೆ ಕುಳಿತರೆ ಕರ್ಸರ್ ತಡವರಿಸುವುದು ಇದರಿಂದ. ಎಷ್ಟೋ ಸಲ ಒಳ್ಳೆಯ ಮೌಸನ್ನು ಕೆಟ್ಟಿತೆಂದು ಎಸೆಯುವುದೂ ಇದರಿಂದಲೇ. ಡಾಂಗಲನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಯ ಕಿಂಡಿಗೆ ಬದಲಿಸಿ, ಇಲ್ಲವೇ ಒಂದು ಸಣ್ಣ ವಿಸ್ತರಣಾ ತಂತಿಯಿಂದ ದೂರ ಇಡಿ. 2016ರಲ್ಲಿ ಕೆಲವು ನಿಸ್ತಂತು ಮೌಸುಗಳ ಡಾಂಗಲ್ ಮೂಲಕ ಹೊರಗಿನವರು ಗಣಕಕ್ಕೆ ಬೆರಳಚ್ಚು ನುಗ್ಗಿಸಬಹುದೆಂಬ ದೋಷ ಬಯಲಾಗಿತ್ತು. ಯಾರೋ ಬಳಸಿದ ಹಳೆಯ ಮೌಸನ್ನು ಕೊಳ್ಳದಿರಲು ಅದೂ ಒಂದು ಕಾರಣ.

ಬ್ಯಾಟರಿಯ ವಿಷಯದಲ್ಲಿ ನನ್ನ ಒಲವು ಪೆನ್ಸಿಲ್ ಸೆಲ್ಲಿನ ಕಡೆಗೆ. ಒಳಗೇ ಬ್ಯಾಟರಿ ಇರುವ, ಚಾರ್ಜು ಮಾಡುವ ಮೌಸುಗಳು ನೋಡಲು ಚೆಂದ. ಎರಡು ಮೂರು ವರ್ಷಗಳಲ್ಲಿ ಆ ಬ್ಯಾಟರಿ ಸೋತರೆ ಬಿಚ್ಚಿ ಬದಲಿಸುವ ಅನುಕೂಲ ಹೆಚ್ಚಿನವುಗಳಲ್ಲಿ ಇಲ್ಲ. ಸೆಲ್ ಆದರೆ ಊರಿನ ಪೆಟ್ಟಿಗೆ ಅಂಗಡಿಯಲ್ಲಿಯೂ ದೊರೆಯುತ್ತದೆ, ಮಳೆಗಾಳಿಗೆ ವಿದ್ಯುತ್ತು ಹೋಗಿದ್ದರೂ ಕೆಲಸ ನಿಲ್ಲುವುದಿಲ್ಲ. ಒಂದೇ ಸೆಲ್ಲಿನಲ್ಲಿ ಹಲವು ತಿಂಗಳು ನಡೆಯುವ ಮಾದರಿಗಳು ಸಾಮಾನ್ಯವಾಗಿವೆ. ತೀರ ಅಗ್ಗದ ಸೆಲ್ ಹಾಕಬೇಡಿ, ಅದು ಬೇಗ ಸೋರುತ್ತದೆ. ಬೇಸಗೆಯ ರಜೆಯಲ್ಲಿ ಮೌಸನ್ನು ಎತ್ತಿಡುವ ಮುನ್ನ ಸೆಲ್ ತೆಗೆದಿಡಬೇಕು. ಸೋರಿದ ರಸ ಸ್ಪ್ರಿಂಗನ್ನು ತಿಂದರೆ ಮೌಸು ಜೂನ್ ತಿಂಗಳಲ್ಲಿ ಎಚ್ಚರಗೊಳ್ಳುವುದಿಲ್ಲ. ಸೆಲ್ ಬಡವಾದಾಗಲೂ ಕರ್ಸರ್ ತಡವರಿಸುತ್ತದೆ. ಸ್ವಿಚ್ಚಿನ ಮೇಲೆ ತಪ್ಪು ಹೊರಿಸುವ ಮುನ್ನ ಹೊಸ ಸೆಲ್ ಹಾಕಿ ನೋಡುವುದು ನ್ಯಾಯ.

ಪೆಟ್ಟಿಗೆಯನ್ನು ಓದುವುದೂ ಒಂದು ಬಗೆಯ ಪಠ್ಯಪರಿಶೀಲನೆ. ನಮ್ಮ ದೇಶದ ಕಾನೂನಿನ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಇಲ್ಲವೇ ಆಮದುದಾರರ ಹೆಸರು, ವಿಳಾಸ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರಿಗಾಗಿ ಸಂಪರ್ಕಿಸಬೇಕಾದ ವಿವರ ಇರಬೇಕು. ಪ್ರಸಿದ್ಧ ಹೆಸರಿನ ಅಗ್ಗದ ಮೌಸಿನಲ್ಲಿ ಇವು ಇಲ್ಲದಿದ್ದರೆ, ಅಥವಾ ಹೆಸರಿನ ಕಾಗುಣಿತವೇ ತಪ್ಪಿದ್ದರೆ, ಅದು ಪ್ರಕ್ಷಿಪ್ತ. ಖಾತರಿ ಒಂದು ವರ್ಷದ್ದೋ ಮೂರು ವರ್ಷದ್ದೋ ನೋಡಿ, ಬಿಲ್ಲನ್ನು ಕೇಳಿ ಪಡೆಯಿರಿ. ಸೇವಾಕೇಂದ್ರ ಈರೋಡಿನಲ್ಲಿದ್ದರೆ ತಾಳವಾಡಿ ಸೀಮೆಯವರಿಗೆ ಅದು ಇದ್ದೂ ಇಲ್ಲದಂತೆ. ಮೈಸೂರಿನಲ್ಲಿದೆಯೇ, ಅಂಚೆಯ ಮೂಲಕ ಬದಲಾಯಿಸಿಕೊಡುತ್ತಾರೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು.

ಒಳ್ಳೆಯ ಮೌಸ್ ಕೊಂಡ ಮೇಲೂ ಎರಡು ಏರ್ಪಾಡುಗಳನ್ನು ಮಾಡಿಕೊಳ್ಳಿ. ಮೈಕ್ರೋಸಾಫ್ಟ್ ವರ್ಡಿನ ಆಯ್ಕೆಗಳಲ್ಲಿ, ಮುಂದುವರಿದ ಆಯ್ಕೆಗಳ ವಿಭಾಗದೊಳಗೆ, ಪಠ್ಯವನ್ನು ಎಳೆದು ಬೇರೆಡೆ ಬಿಡಲು ಅನುಮತಿಸುವ ಒಂದು ಗುರುತು ಇದೆ. ಅದನ್ನು ತೆಗೆದುಹಾಕಿದರೆ ಸ್ವಿಚ್ ಮುಂದೆ ಸೋತರೂ ವಾಕ್ಯಗಳು ತಾವಾಗಿ ಸ್ಥಳ ಬದಲಿಸಲಾರವು. ಆರಿಸುವಾಗ ಪೂರ್ಣ ಪದವನ್ನೇ ಹಿಡಿಯುವ ಇನ್ನೊಂದು ಗುರುತು ಅಲ್ಲಿಯೇ ಇದೆ. ಇಂಗ್ಲಿಷಿನವರಿಗೆ ಅದು ಅನುಕೂಲವಿರಬಹುದು. ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುವ ಕನ್ನಡದಲ್ಲಿ ‘ಮನೆಯಲ್ಲಿ’ ಎಂಬುದರ ಪ್ರತ್ಯಯವೊಂದನ್ನೇ ಆರಿಸಿ ತಿದ್ದಬೇಕಾದಾಗ ಅದು ಅಡ್ಡಿ, ಅದನ್ನೂ ತೆಗೆದುಬಿಡಿ. ತಿಂಗಳಿಗೊಮ್ಮೆ, ಅಂಗಡಿಯಲ್ಲಿ ಮಾಡಿದ ಇಪ್ಪತ್ತು ಎಳೆತಗಳ ಪರೀಕ್ಷೆಯನ್ನು ಒಂದು ಖಾಲಿ ಕಡತದಲ್ಲಿ ಮತ್ತೆ ಮಾಡಿ ನೋಡಿ. ಮೊದಲ ಸಲ ಆಯ್ಕೆ ಕಡಿದ ದಿನವೇ ಆ ಮೌಸನ್ನು ಪ್ರಬಂಧದ ಕಡತದಿಂದ ದೂರವಿಟ್ಟು, ಹಿಂದಿನ ಕೆಲವು ದಿನಗಳಲ್ಲಿ ತಿದ್ದಿದ ಪುಟಗಳನ್ನು ಧ್ವನಿಮುದ್ರಿಕೆಯೊಡನೆ ಇಟ್ಟು ಇನ್ನೊಮ್ಮೆ ಓದಿರಿ. ಡಾಂಗಲನ್ನು ಸೆಲ್ಲಿನ ಗೂಡಿನಲ್ಲಿಯೇ ಇಡಲು ಬಹುತೇಕ ಮೌಸುಗಳಲ್ಲಿ ಜಾಗ ಇರುತ್ತದೆ. ಬಸ್ಸು ಹತ್ತುವ ಮುನ್ನ ಅದನ್ನು ಅಲ್ಲಿಗೆ ಸೇರಿಸಿ.